ಸ್ಲಿಪ್ ಡಿಸ್ಕ್

ಸ್ಲಿಪ್ ಡಿಸ್ಕ್ ಎಂಬುದು ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತನೆಯ ಬಿಲ್ಲೆಯ ಒಳತಿರುಳು ಹೊರಪದರವನ್ನು ಉಬ್ಬಿಸಿ ಅಥವಾ ಸೀಳಿಕೊಂಡು ಹೊರಚಾಚಿ, ಪಕ್ಕದ ನರಗಳನ್ನು ಒತ್ತುವ ಸ್ಥಿತಿಯಾಗಿದೆ. ವೈದ್ಯಕೀಯ ಪರಿಭಾಷೆಯಲ್ಲಿ ಇದನ್ನು ಡಿಸ್ಕ್ ಹರ್ನಿಯೇಷನ್ ಎಂದು ಕರೆಯುತ್ತಾರೆ. ಹೆಸರು ಸೂಚಿಸುವಂತೆ ಇಡೀ ಬಿಲ್ಲೆ ತನ್ನ ಸ್ಥಾನದಿಂದ ಜಾರುವುದಿಲ್ಲ. ಅದರ ಒಂದು ಭಾಗ ಮಾತ್ರ ಹೊರಕ್ಕೆ ಬರುತ್ತದೆ. ಬಹುಪಾಲು ರೋಗಿಗಳು ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಮೂತ್ರ ಕಟ್ಟುವುದು, ಕಾಲಿನ ಬಲ ಕುಂದುವುದು ಮೊದಲಾದ ಲಕ್ಷಣಗಳು ಕಾಣಿಸಿಕೊಂಡಾಗ ವಿಳಂಬ ಮಾಡಿದರೆ ಶಾಶ್ವತ ಅಂಗವೈಕಲ್ಯ ಉಂಟಾಗಬಹುದು.

ರಚನೆ

ಮನುಷ್ಯನ ಬೆನ್ನುಮೂಳೆಯಲ್ಲಿ ಚಲಿಸಬಲ್ಲ 24 ಮಣಿಗಳಿವೆ. ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 12 ಮತ್ತು ಸೊಂಟದಲ್ಲಿ 5. ಇವುಗಳ ಕೆಳಗೆ ಬೆಸೆದುಕೊಂಡಿರುವ ತ್ರಿಕಾಸ್ಥಿ ಮತ್ತು ಬಾಲದ ಮೂಳೆ ಇವೆ. ಕುತ್ತಿಗೆಯ ಮೊದಲ ಎರಡು ಮಣಿಗಳ ನಡುವೆ ಬಿಲ್ಲೆ ಇರುವುದಿಲ್ಲ. ಉಳಿದೆಡೆ ಒಟ್ಟು 23 ಬಿಲ್ಲೆಗಳಿವೆ. ಪ್ರತಿ ಬಿಲ್ಲೆಗೂ ಗಟ್ಟಿಯಾದ ನಾರಿನ ಹೊರಬಳೆಯೂ ನೀರಿನಂಶ ಹೆಚ್ಚಿರುವ ಲೋಳೆಯಂಥ ಒಳತಿರುಳೂ ಇರುತ್ತವೆ. ನಡೆಯುವಾಗ, ಬಾಗುವಾಗ, ಭಾರ ಎತ್ತುವಾಗ ಮೂಳೆಗಳ ಮೇಲೆ ಬೀಳುವ ಒತ್ತಡವನ್ನು ಈ ಬಿಲ್ಲೆಗಳು ಹಂಚಿಕೊಳ್ಳುತ್ತವೆ.

ಮಿದುಳುಬಳ್ಳಿಯು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ಇಳಿಬಿದ್ದ ನರಗಳ ಗೊಂಚಲು ಇದೆ. ಕಾಲುಗಳಿಗೂ ಮೂತ್ರಕೋಶ ಮತ್ತು ಗುದದ್ವಾರಗಳಿಗೂ ಹೋಗುವ ನರಗಳು ಇದರಲ್ಲಿವೆ.

ಕಾರಣಗಳು

ವಯಸ್ಸಾದಂತೆ ಬಿಲ್ಲೆಯ ನೀರಿನಂಶ ಕಡಿಮೆಯಾಗಿ ಹೊರಬಳೆಯಲ್ಲಿ ಸಣ್ಣ ಬಿರುಕುಗಳು ಮೂಡುತ್ತವೆ. ಹೀಗೆ ಸವೆದ ಬಿಲ್ಲೆಯ ಮೇಲೆ ಒಮ್ಮೆಲೇ ಒತ್ತಡ ಬಿದ್ದಾಗ ತಿರುಳು ಹೊರಬರುತ್ತದೆ. ಇದು 30ರಿಂದ 50 ವರ್ಷದವರಲ್ಲಿ ಹೆಚ್ಚು. ಬಾಗಿ ತಿರುಗುತ್ತಾ ಭಾರ ಎತ್ತುವುದು, ದೀರ್ಘಕಾಲ ವಾಹನ ಚಾಲನೆ, ಬೊಜ್ಜು, ಧೂಮಪಾನ ಮತ್ತು ಅನುವಂಶೀಯತೆ ಇದಕ್ಕೆ ಪೂರಕ ಕಾರಣಗಳು. ಕೆಲವರಲ್ಲಿ ಸೀನು ಅಥವಾ ಕೆಮ್ಮಿನಂಥ ಸಾಮಾನ್ಯ ಕ್ರಿಯೆಯೇ ಕೊನೆಯ ನೆಪವಾಗುತ್ತದೆ.

ದಾವಣಗೆರೆ ಮತ್ತು ಹರಿಹರದಂಥ ಪ್ರದೇಶಗಳಲ್ಲಿ ಬೆನ್ನಿಗೆ ಶ್ರಮ ನೀಡುವ ವೃತ್ತಿಗಳು ಅನೇಕ. ಅಕ್ಕಿ ಗಿರಣಿ ಮತ್ತು ಕೃಷಿ ಮಾರುಕಟ್ಟೆಯ ಹಮಾಲರು ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ಲಾರಿಗೆ ತುಂಬುತ್ತಾರೆ. ಮಂಡಕ್ಕಿ ಭಟ್ಟಿಯ ಕೆಲಸಗಾರರು ಗಂಟೆಗಟ್ಟಲೆ ಬಾಗಿ ದುಡಿಯುತ್ತಾರೆ. ಭದ್ರಾ ನಾಲೆಯ ಅಚ್ಚುಕಟ್ಟಿನ ಗದ್ದೆಗಳಲ್ಲಿ ಮಹಿಳೆಯರು ದಿನವಿಡೀ ಬಾಗಿ ಭತ್ತದ ನಾಟಿ ಮಾಡುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು ವಯಸ್ಕ ಪುರುಷ ಕಾರ್ಮಿಕನು ಕೈಯಿಂದ ಸಾಗಿಸಬಹುದಾದ ಗರಿಷ್ಠ ಭಾರವನ್ನು 55 ಕಿಲೋಗ್ರಾಂ ಎಂದು ಸೂಚಿಸಿದೆ. ದಿನಗೂಲಿಯವರಲ್ಲಿ ನೋವನ್ನು ನುಂಗಿಕೊಂಡು ಕೆಲಸ ಮುಂದುವರಿಸುವ ಪ್ರವೃತ್ತಿ ಇರುವುದರಿಂದ ಲಕ್ಷಣಗಳ ಅರಿವು ಅವರಿಗೆ ವಿಶೇಷವಾಗಿ ಅಗತ್ಯ.

ಲಕ್ಷಣಗಳು

ಸೊಂಟದ ಭಾಗದಲ್ಲಿ ನಾಲ್ಕು–ಐದನೆಯ ಮಣಿಗಳ ನಡುವಿನ ಬಿಲ್ಲೆ ಹಾಗೂ ಐದನೆಯ ಮಣಿ ಮತ್ತು ತ್ರಿಕಾಸ್ಥಿಯ ನಡುವಿನ ಬಿಲ್ಲೆ ಅತಿ ಹೆಚ್ಚಾಗಿ ಬಾಧಿತವಾಗುತ್ತವೆ. ಆಗ ನೋವು ಸೊಂಟದಲ್ಲಷ್ಟೇ ನಿಲ್ಲದೆ ಪೃಷ್ಠ, ತೊಡೆಯ ಹಿಂಭಾಗ ಮತ್ತು ಮೀನಖಂಡದ ಮೂಲಕ ಪಾದದವರೆಗೆ ಸೆಳೆಯುತ್ತದೆ. ಇದನ್ನು ಸಯಾಟಿಕಾ ಎನ್ನುತ್ತಾರೆ. ಆಯುರ್ವೇದದಲ್ಲಿ ಇದೇ ಬಗೆಯ ನೋವನ್ನು ಗೃಧ್ರಸಿ ಎಂದು ವರ್ಣಿಸಲಾಗಿದೆ. ಕೆಮ್ಮಿದಾಗ, ಸೀನಿದಾಗ, ಬಹಳ ಹೊತ್ತು ಕುಳಿತಾಗ ನೋವು ಹೆಚ್ಚುತ್ತದೆ. ಜೊತೆಗೆ ಜುಮ್ಮೆನ್ನುವಿಕೆ, ಮರಗಟ್ಟುವಿಕೆ ಇರಬಹುದು.

ಸಾಮಾನ್ಯ ಸೊಂಟ ಹಿಡಿತಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಸ್ನಾಯುವಿನ ಉಳುಕಿನ ನೋವು ಹೆಚ್ಚಾಗಿ ಸೊಂಟದ ಸುತ್ತಲೇ ಉಳಿಯುತ್ತದೆ. ನರ ಒತ್ತಲ್ಪಟ್ಟಾಗ ಕಾಲಿನ ನೋವು ಸೊಂಟನೋವಿಗಿಂತ ತೀವ್ರವಾಗಿರುವುದುಂಟು. ಹೆಬ್ಬೆರಳನ್ನು ಮೇಲಕ್ಕೆತ್ತಲು ಅಥವಾ ಹಿಮ್ಮಡಿಯ ಮೇಲೆ ನಡೆಯಲು ಆಗದಿರುವುದು ಐದನೆಯ ಸೊಂಟನರದ ದೌರ್ಬಲ್ಯವನ್ನು ಸೂಚಿಸಬಹುದು. ತುದಿಗಾಲಿನಲ್ಲಿ ನಿಲ್ಲಲಾಗದಿರುವುದು ಮೊದಲ ತ್ರಿಕನರದ್ದನ್ನು. ಕುತ್ತಿಗೆಯ ಬಿಲ್ಲೆ ಹೊರಚಾಚಿದರೆ ನೋವು ಭುಜ, ತೋಳು, ಬೆರಳುಗಳಿಗೆ ಹರಡುತ್ತದೆ.

ತುರ್ತು ಚಿಕಿತ್ಸೆ ಬೇಕಾದ ಲಕ್ಷಣಗಳು

ಹೊರಬಂದ ತಿರುಳು ಕುದುರೆಬಾಲದ ನರಗೊಂಚಲನ್ನೇ ಒತ್ತಿದರೆ ಕಾಡ ಇಕ್ವೈನ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಗಂಭೀರ ಸ್ಥಿತಿ ಉಂಟಾಗುತ್ತದೆ. ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೆ ಆ ರಾತ್ರಿಯೇ ಆಸ್ಪತ್ರೆ ಸೇರಬೇಕು:

• ಮೂತ್ರ ಕಟ್ಟುವುದು, ಮೂತ್ರಕೋಶ ತುಂಬಿದ್ದೂ ತಿಳಿಯದಿರುವುದು, ಅರಿವಿಲ್ಲದೆ ಸೋರುವುದು
• ಮಲವಿಸರ್ಜನೆಯ ಮೇಲೆ ಹಿಡಿತ ತಪ್ಪುವುದು
• ಜನನಾಂಗ, ಗುದದ್ವಾರ ಮತ್ತು ಒಳತೊಡೆಯ ಭಾಗ ಮರಗಟ್ಟುವುದು
• ಎರಡೂ ಕಾಲುಗಳಲ್ಲಿ ನೋವು ಅಥವಾ ಬಲಹೀನತೆ
• ಪಾದ ಜೋತುಬಿದ್ದು ನೆಲಕ್ಕೆ ತಗಲುವುದು, ಕಾಲಿನ ಬಲ ದಿನದಿನಕ್ಕೆ ಕುಗ್ಗುವುದು

ನರಗಳ ಮೇಲಿನ ಒತ್ತಡವನ್ನು ಬೇಗನೆ, ಸಾಮಾನ್ಯವಾಗಿ 48 ಗಂಟೆಗಳೊಳಗೆ ತೆಗೆಯದಿದ್ದರೆ ಮೂತ್ರದ ಹಿಡಿತ ಮರಳಿ ಬಾರದಿರಬಹುದು. ಸಂಕೋಚದಿಂದ ಈ ಲಕ್ಷಣಗಳನ್ನು ಮನೆಯವರಲ್ಲಿ ಹೇಳಿಕೊಳ್ಳದಿರುವುದು ವಿಳಂಬಕ್ಕೆ ಕಾರಣವಾಗಬಲ್ಲದು. ಇದಲ್ಲದೆ ಬೆನ್ನುನೋವಿನೊಂದಿಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಅಥವಾ ಹಿಂದೆ ಕ್ಯಾನ್ಸರ್ ಇದ್ದ ಇತಿಹಾಸವಿದ್ದರೆ ಸೋಂಕು, ಬೆನ್ನುಮೂಳೆಯ ಕ್ಷಯ, ಗಂತಿ ಮೊದಲಾದವುಗಳಿಗಾಗಿ ಪರೀಕ್ಷಿಸಬೇಕಾಗುತ್ತದೆ.

ರೋಗನಿರ್ಣಯ

ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ಮೇಲೆತ್ತಿ ನೋಡುತ್ತಾರೆ. ಆಗ ಕಾಲಿನುದ್ದಕ್ಕೂ ಸೆಳೆತ ಬಂದರೆ ನರದ ಮೇಲೆ ಒತ್ತಡವಿರುವ ಸಂಭವ ಹೆಚ್ಚು. ಸ್ನಾಯುಬಲ, ಸ್ಪರ್ಶಜ್ಞಾನ ಮತ್ತು ಮಂಡಿ–ಹಿಮ್ಮಡಿಗಳ ಪ್ರತಿವರ್ತನೆಗಳನ್ನೂ ಪರೀಕ್ಷಿಸುತ್ತಾರೆ. ಎಕ್ಸ್‌ರೇಯಲ್ಲಿ ಬಿಲ್ಲೆ ಕಾಣುವುದಿಲ್ಲ; ಅದಕ್ಕೆ ಎಂಆರ್‌ಐ ಸ್ಕ್ಯಾನ್ ಬೇಕು. ಆದರೆ ನೋವೇ ಇಲ್ಲದ ಅನೇಕರ ಸ್ಕ್ಯಾನಿನಲ್ಲೂ ಬಿಲ್ಲೆಯ ಉಬ್ಬು ಕಾಣುತ್ತದೆ. ಆದ್ದರಿಂದ ವರದಿಯನ್ನು ಮಾತ್ರ ನೋಡಿ ಚಿಕಿತ್ಸೆಯನ್ನು ನಿರ್ಧರಿಸಲಾಗದು.

ಚಿಕಿತ್ಸೆ

ತುರ್ತು ಲಕ್ಷಣಗಳಿಲ್ಲದವರಿಗೆ ಮೊದಲು ನೋವುನಿವಾರಕ ಔಷಧಿ ಮತ್ತು ಫಿಸಿಯೋಥೆರಪಿ ನೀಡಲಾಗುತ್ತದೆ. ಹಿಂದೆ ವಾರಗಟ್ಟಲೆ ಹಾಸಿಗೆ ಹಿಡಿಯಲು ಹೇಳುತ್ತಿದ್ದರು. ಈಗ ಒಂದೆರಡು ದಿನಗಳಿಗಿಂತ ಹೆಚ್ಚು ಮಲಗದೆ, ಸಹಿಸಬಹುದಾದಷ್ಟು ಓಡಾಡುವಂತೆ ಸಲಹೆ ನೀಡುತ್ತಾರೆ. ಹೊರಬಂದ ತಿರುಳನ್ನು ದೇಹವೇ ಕ್ರಮೇಣ ಹೀರಿಕೊಳ್ಳುವುದರಿಂದ 6ರಿಂದ 12 ವಾರಗಳಲ್ಲಿ ಹೆಚ್ಚಿನವರ ನೋವು ತಗ್ಗುತ್ತದೆ. ನಂತರವೂ ತೀವ್ರ ನೋವು ಉಳಿದರೆ ಅಥವಾ ಬಲಹೀನತೆ ಹೆಚ್ಚುತ್ತಿದ್ದರೆ, ನರವನ್ನು ಒತ್ತುವ ತುಣುಕನ್ನು ತೆಗೆಯುವ ಡಿಸೆಕ್ಟಮಿ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ.

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ ಮತ್ತು ಬಾಪೂಜಿ ಆಸ್ಪತ್ರೆಗಳಿವೆ. ಹರಿಹರ ಇಲ್ಲಿಂದ ಸುಮಾರು 14 ಕಿ.ಮೀ. ದೂರದಲ್ಲಿದೆ. 2008ರಿಂದ ರಾಜ್ಯದಲ್ಲಿರುವ 108 ಆಂಬ್ಯುಲೆನ್ಸ್ ಸೇವೆ ಉಚಿತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತುರ್ತು ಸಂದರ್ಭಗಳಿಗೆ ವಿನಾಯಿತಿಯಿದೆ.

ತಪ್ಪು ತಿಳಿವಳಿಕೆಗಳು

ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಗ್ರಾಮಾಂತರದಲ್ಲಿದೆ. ಬೆನ್ನು ತುಳಿಸುವುದು, ಮೂಳೆ ‘ಕೂರಿಸುವುದು’ ಸಹ ರೂಢಿಯಲ್ಲಿವೆ. ಸಾಮಾನ್ಯ ಉಳುಕು ತಾನಾಗಿಯೇ ವಾಸಿಯಾಗುವುದರಿಂದ ಇಂಥ ಕ್ರಮಗಳಿಗೆ ಕೀರ್ತಿ ಬಂದಿದೆ. ಬಿಲ್ಲೆ ಸೀಳಿರುವಾಗ ರಭಸದ ಒತ್ತಡ ಬಿದ್ದರೆ ತಿರುಳು ಇನ್ನಷ್ಟು ಹೊರಬಂದು ನರಗಳಿಗೆ ಹಾನಿಯಾಗಬಹುದು.

ಇತಿಹಾಸ

ಇಟಲಿಯ ವೈದ್ಯ ಡೊಮೆನಿಕೊ ಕೊಟುನ್ಯೊ 1764ರಲ್ಲಿ ಸಯಾಟಿಕಾ ನೋವು ನರದಿಂದ ಬರುತ್ತದೆಂದು ವಿವರಿಸಿದನು. ಬಿಲ್ಲೆಯ ಪಾತ್ರ ಖಚಿತವಾದದ್ದು 1934ರಲ್ಲಿ. ಅಮೆರಿಕದ ಬಾಸ್ಟನ್ ನಗರದ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಅವರು, ಅದುವರೆಗೆ ಗಂತಿಗಳೆಂದು ಭಾವಿಸಲಾಗಿದ್ದ ತುಣುಕುಗಳಲ್ಲಿ ಅನೇಕವು ಸೀಳಿದ ಬಿಲ್ಲೆಯ ಭಾಗಗಳೆಂದು ತೋರಿಸಿದರು.

ಮುನ್ನೆಚ್ಚರಿಕೆ

ಭಾರ ಎತ್ತುವಾಗ ಸೊಂಟ ಬಾಗಿಸದೆ ಮಂಡಿ ಮಡಿಸಿ, ವಸ್ತುವನ್ನು ಮೈಗೆ ಹತ್ತಿರ ಹಿಡಿಯಬೇಕು. ಎತ್ತಿದಾಗ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಬೇಕು. ಹೆಚ್ಚಿನ ಭಾರವನ್ನು ಇಬ್ಬರು ಹಂಚಿಕೊಳ್ಳುವುದು ಅಥವಾ ತಳ್ಳುಗಾಡಿ ಬಳಸುವುದು ಒಳಿತು. ನಿಯಮಿತ ನಡಿಗೆ, ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳ ವ್ಯಾಯಾಮ, ತೂಕದ ನಿಯಂತ್ರಣ ಹಾಗೂ ಧೂಮಪಾನ ತ್ಯಾಗ ಬಿಲ್ಲೆಗಳ ಆರೋಗ್ಯಕ್ಕೆ ಸಹಾಯಕ.