ಜಾಝ್ ರೆಕಾರ್ಡುಗಳಲ್ಲಿ ಕರ್ನಾಟಕದ ಲಯ

ಹೊಸ ಹಾದಿ ಹಿಡಿದ ಜಾಝ್ ಸಂಗೀತದ ರೆಕಾರ್ಡುಗಳನ್ನು ಕೂಡಿಡುವವರಿಗೆ ಕರ್ನಾಟಕದ ಹೆಸರು ಪರಿಚಿತ. ಅದಕ್ಕೆ ಕಾರಣ ಬೆಂಗಳೂರಿನ ಒಂದು ತಾಳವಾದ್ಯ ಶಾಲೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮುಂದೆ ಯುರೋಪಿನ ಜಾಝ್ ವೇದಿಕೆಗಳನ್ನು ಏರಿತು. ಜರ್ಮನಿಯಲ್ಲಿ ಅಚ್ಚಾದ ರೆಕಾರ್ಡುಗಳ ಹೊದಿಕೆಯ ಮೇಲೆ ಅದರ ಹೆಸರು ಮೂಡಿತು.

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳಿಗೆ ಪಕ್ಕವಾದ್ಯದ ಸ್ಥಾನ. ಗಾಯಕರಿಗೋ ವೈಣಿಕರಿಗೋ ಒತ್ತಾಸೆಯಾಗಿ ನುಡಿಸುವುದು ಅವುಗಳ ಮುಖ್ಯ ಕೆಲಸ. ಸ್ವತಂತ್ರವಾಗಿ ನುಡಿಯಲು ಸಿಗುವ ಅವಕಾಶ ತನಿ ಆವರ್ತನದಲ್ಲಿ ಮಾತ್ರ. ಲಯವಾದ್ಯಗಳನ್ನೇ ನಡುವೆ ಇಟ್ಟು ಪಾಠ ಹೇಳುವ ಶಾಲೆ ಈ ಕ್ರಮಕ್ಕೆ ಒಂದು ಹೊಸ ಸಾಧ್ಯತೆಯನ್ನು ಸೇರಿಸಿತು. ಮಣಿಯವರ ತಾಳತರಂಗಿಣಿ ತಂಡದಲ್ಲಿ ತಾಳವಾದ್ಯಗಳೇ ಕಛೇರಿಯ ಮುಖ್ಯ ಕಲಾವಿದರು. ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ, ರಾಗಾಲಾಪನೆಯನ್ನೂ ಕೊನ್ನಕೋಲನ್ನೂ ಇದಕ್ಕೆ ತಂದರು. ತಕಿಟ, ತಕಧಿಮಿ ಮುಂತಾದ ಜತಿಗಳನ್ನು ಬಾಯಲ್ಲಿ ಹೇಳುವ ಕೊನ್ನಕೋಲು ಹೊರಗಿನ ಸಂಗೀತಗಾರರಿಗೆ ಕರ್ನಾಟಕದ ಲಯದ ಒಳಕ್ಕೆ ಹೋಗುವ ಅತಿ ಹತ್ತಿರದ ದಾರಿಯಾಯಿತು. ಅದನ್ನು ಕಲಿಯಲು ವಾದ್ಯ ಬೇಕಿಲ್ಲ. ನಾಲಗೆ ಮತ್ತು ತಾಳ ಹಾಕುವ ಕೈ ಸಾಕು.

ಅದೇ ಕಾಲಕ್ಕೆ ಜಾಝ್ ಕೂಡ ತನ್ನ ಹಳೆಯ ಚೌಕಟ್ಟನ್ನು ಸಡಿಲಿಸಿಕೊಳ್ಳುತ್ತಿತ್ತು. ಅಮೆರಿಕದ ಆರ್ನೆಟ್ ಕೋಲ್ಮನ್ 1960ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದ 'ಫ್ರೀ ಜಾಝ್' ಮೊದಲೇ ಗೊತ್ತುಮಾಡಿದ ಸ್ವರಮೇಳಗಳ ಕ್ರಮವನ್ನು ಬಿಟ್ಟುಕೊಟ್ಟಿತು. ಜಾನ್ ಕೋಲ್ಟ್ರೇನ್ 1961ರಲ್ಲಿ 'ಇಂಡಿಯಾ' ಎಂಬ ರಚನೆಯನ್ನು ನ್ಯೂಯಾರ್ಕಿನ ವೇದಿಕೆಯಲ್ಲಿ ನುಡಿಸಿದರು. ಸ್ವರಮೇಳದ ಆಸರೆ ಕಳಚಿದ ಮೇಲೆ ಸಂಗೀತವನ್ನು ಯಾವುದರ ಮೇಲೆ ನಿಲ್ಲಿಸಬೇಕು ಎಂಬ ಪ್ರಶ್ನೆ ಎದ್ದಾಗ, ಒಂದೇ ಶ್ರುತಿಯ ಮೇಲೆ ರಾಗ ಬೆಳೆಸುವ, ದೀರ್ಘ ತಾಳಾವರ್ತಗಳಲ್ಲಿ ಲೆಕ್ಕ ಹೆಣೆಯುವ ಭಾರತೀಯ ಪದ್ಧತಿ ಅನೇಕರನ್ನು ಸೆಳೆಯಿತು.

ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯವರು ಆ ಹೊತ್ತಿನಲ್ಲೇ ಸಂಗೀತ ಕಟ್ಟುವ ಜಾಝ್‌ನ ಗುಣವನ್ನು ತಾಳಮದ್ದಳೆಯ ಮೂಲಕ ಸುಲಭವಾಗಿ ಗ್ರಹಿಸಬಹುದು. ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತಿರುತ್ತದೆ. ಭಾಗವತರು ಅದನ್ನು ಹಾಡಿದ ಮೇಲೆ ಅರ್ಥಧಾರಿ ಆ ಹೊತ್ತಿನಲ್ಲೇ ಮಾತು ಕಟ್ಟುತ್ತಾರೆ, ಎದುರು ಕುಳಿತವರ ಮಾತು ಅದರ ದಿಕ್ಕನ್ನೇ ಬದಲಿಸುತ್ತದೆ. ಜಾಝ್‌ನಲ್ಲಿ ರಚನೆಯ ಮಟ್ಟು ಪದ್ಯವಿದ್ದಂತೆ, ಅದರ ಮೇಲಿನ ವಾದನ ಅರ್ಥವಿದ್ದಂತೆ. ಒಂದು ರಾತ್ರಿಯ ಕೂಟ ಇನ್ನೊಂದರಂತೆ ಇರುವುದಿಲ್ಲ. ಆದ್ದರಿಂದಲೇ ಒಂದೇ ರಚನೆಯ ಬೇರೆ ಬೇರೆ ದಿನಗಳ ಧ್ವನಿಮುದ್ರಣಗಳನ್ನು ರಸಿಕರು ಹುಡುಕಿ ಕೂಡಿಡುತ್ತಾರೆ, ಯಾರು ಎಲ್ಲಿ ಹೇಗೆ ನುಡಿಸಿದರು ಎಂದು ಚರ್ಚಿಸುತ್ತಾರೆ.

ಇಂಥ ಸಂಗ್ರಹಕ್ಕೆ ಶಾಸ್ತ್ರೀಯ ಶಿಸ್ತು ತಂದವರು ಫ್ರಾನ್ಸಿನ ರಸಿಕರು. 1936ರಲ್ಲಿ ಶಾರ್ಲ್ ದೆಲೊನೆ ಪ್ರಕಟಿಸಿದ ಜಾಝ್ ರೆಕಾರ್ಡುಗಳ ಸೂಚಿಯಿಂದ ವಾದಕರ ಹೆಸರು, ಸ್ಥಳ, ದಿನಾಂಕಗಳನ್ನು ಕಲೆಹಾಕುವ ಕ್ರಮ ಬೇರೂರಿತು. ಕರ್ನಾಟಕದಲ್ಲಿ ಪಾಶ್ಚಾತ್ಯ ಸಂಗೀತದ ದೊಡ್ಡ ರೆಕಾರ್ಡು ಸಂಗ್ರಹವಿದ್ದದ್ದು ಮೈಸೂರು ಅರಮನೆಯಲ್ಲಿ. ಜಯಚಾಮರಾಜೇಂದ್ರ ಒಡೆಯರ್ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದರು. ಅದು ಅರಸರ ಅನುಕೂಲ. ಸಾಮಾನ್ಯ ಕೇಳುಗರಿಗೆ ಹೊರದೇಶದ ರೆಕಾರ್ಡು ದುಬಾರಿ, ದುರ್ಲಭ. ಜಾಝ್ ಅವರಿಗೆ ಮುಖ್ಯವಾಗಿ ಶಾರ್ಟ್‌ವೇವ್ ರೇಡಿಯೊದಿಂದ ಸಿಗುತ್ತಿತ್ತು: 1955ರಿಂದ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲಿಸ್ ಕಾನೊವರ್ ನಡೆಸಿದ ಜಾಝ್ ಕಾರ್ಯಕ್ರಮಕ್ಕೆ ಜಗತ್ತಿನಾದ್ಯಂತ ಕೇಳುಗರಿದ್ದರು. 1978ರಲ್ಲಿ ಮುಂಬಯಿಯಲ್ಲಿ ಶುರುವಾದ ಜಾಝ್ ಯಾತ್ರಾ ಉತ್ಸವ ವಿದೇಶಿ ತಂಡಗಳನ್ನು ಕಣ್ಣೆದುರೇ ಕೇಳುವ ಅವಕಾಶ ಒದಗಿಸಿತು.

ಬೆಂಗಳೂರಿನ ಶಾಲೆಗೂ ಜಾಝ್‌ಗೂ ನಂಟು ಬೆಸೆದವರಲ್ಲಿ ಮುಖ್ಯರು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ. ಬೋಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿದ ಅವರು ಚಾರ್ಲ್ಸ್ ಮಿಂಗಸ್‌ರ 1963ರ ಪ್ರಸಿದ್ಧ ರೆಕಾರ್ಡ್ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'ಯಲ್ಲಿ ನುಡಿಸಿದವರು. 1960ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ನಾಗಸ್ವರ ಅವರ ಕಿವಿಗೆ ಬಿತ್ತು. ಅದನ್ನು ಕಲಿಯಲು ಅವರು ದಕ್ಷಿಣ ಭಾರತದಲ್ಲಿ ತಿಂಗಳುಗಟ್ಟಲೆ ನೆಲೆಸಿದರು. ರಾಗವನ್ನು ಗುರುಮುಖೇನ ಕಲಿತವರಾದ್ದರಿಂದ ರಮಾಮಣಿಯವರ ಆಲಾಪನೆಗೆ ಸ್ಯಾಕ್ಸೊಫೋನಿನಲ್ಲಿ ಹೇಗೆ ಉತ್ತರಿಸಬೇಕೆಂಬ ಅರಿವು ಅವರಿಗಿತ್ತು.

ಮ್ಯೂನಿಕ್‌ನ ಎಂಬ್ರಿಯೊ ತಂಡದ್ದು ಮತ್ತೊಂದು ದಾರಿ. ಕ್ರಿಸ್ಟಿಯನ್ ಬುರ್ಕಾರ್ಟ್ ನಾಯಕತ್ವದ ಈ ತಂಡ 1978ರಲ್ಲಿ ಬಸ್ಸು ಹತ್ತಿ ಅಫ್ಘಾನಿಸ್ತಾನದ ಮೂಲಕ ಭಾರತಕ್ಕೆ ಬಂದು ದಾರಿಯುದ್ದಕ್ಕೂ ಸ್ಥಳೀಯ ಸಂಗೀತಗಾರರ ಜೊತೆ ನುಡಿಸಿತು. ಬಳಿಕ ಎಂಬ್ರಿಯೊ ಮತ್ತು ಬೆಂಗಳೂರಿನ ಶಾಲೆಯ ಹೆಸರುಗಳು ಒಂದೇ ರೆಕಾರ್ಡಿನ ಮೇಲೆ ಬಂದವು. ಎಂಬ್ರಿಯೊದಿಂದ ಹೊರಬಂದವರು ಕಟ್ಟಿದ ಡಿಸಿಡೆಂಟನ್ ತಂಡದ 'ಜರ್ಮನಿಸ್ತಾನ್' (1982) ರೆಕಾರ್ಡಿನಲ್ಲೂ ಮಣಿ-ರಮಾಮಣಿಯವರ ತಂಡವಿದೆ.

ಇವೆಲ್ಲವುಗಳಲ್ಲಿ ಹೆಚ್ಚು ಹೆಸರಾದದ್ದು 'ಜ್ಯೋತಿ'. 1983ರಲ್ಲಿ ಮ್ಯೂನಿಕ್‌ನ ಇಸಿಎಂ ಸಂಸ್ಥೆ ಇದನ್ನು ಹೊರತಂದಿತು, ಕ್ರಮಸಂಖ್ಯೆ 1256. ಮಾನ್‌ಫ್ರೆಡ್ ಐಶರ್ 1969ರಲ್ಲಿ ಕಟ್ಟಿದ ಈ ಸಂಸ್ಥೆ ನಿಚ್ಚಳವಾದ ಧ್ವನಿಮುದ್ರಣಕ್ಕೆ ಹೆಸರುವಾಸಿ. ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು, ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಇದರಲ್ಲಿವೆ. ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ. ಜಾಝ್‌ನಿಂದ ಬಂದ ವಾದಕರು ಒಬ್ಬರೇ. ಉಳಿದ ನೆಲೆಗಟ್ಟೆಲ್ಲ ಬೆಂಗಳೂರಿನದು. 'ವಂದನಂ', 'ವರ್ಷಿಣಿ', 'ಸಪ್ತರ್ಷಿ' ಎಂದು ರಚನೆಗಳ ಹೆಸರುಗಳೂ ಭಾರತೀಯವೇ.

ಇಂಥ ಸಂಗೀತದ ಒಳಗಿನ ಲೆಕ್ಕವನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಆದಿತಾಳದ ಒಂದು ಆವರ್ತಕ್ಕೆ 8 ಎಣಿಕೆ. ಎಣಿಕೆಗೆ ನಾಲ್ಕರಂತೆ 32 ಮಾತ್ರೆ. 'ತದಿಗಿಣತೊಂ' ಎಂಬುದಕ್ಕೆ 5 ಮಾತ್ರೆ. ಅದನ್ನು ಮೂರು ಸಲ ಹೇಳಿ, ನಡುವೆ ಎರಡು ಕಡೆ 2 ಮಾತ್ರೆ ಬಿಟ್ಟರೆ ಒಟ್ಟು 19. ಹಾಗಾಗಿ 13 ಮಾತ್ರೆ ಕಳೆದು 14ನೆಯದರಲ್ಲಿ ಎತ್ತಿಕೊಂಡರೆ ಮುಕ್ತಾಯ 32ಕ್ಕೆ ಮುಗಿದು, ಮುಂದಿನ ಪೆಟ್ಟು ಆವರ್ತದ ಮೊದಲ ಎಣಿಕೆಯಾದ ಸಮಕ್ಕೆ ಬೀಳುತ್ತದೆ. ಲೆಕ್ಕ ಬಲ್ಲ ಸ್ಯಾಕ್ಸೊಫೋನ್ ವಾದಕ ನಡುವೆ ಎಷ್ಟೇ ದೂರ ಅಲೆದರೂ ಎಲ್ಲರ ಜೊತೆ ಸಮಕ್ಕೆ ಬಂದು ಸೇರಬಲ್ಲ. ಸ್ವಾತಂತ್ರ್ಯ ಮತ್ತು ಕಟ್ಟುನಿಟ್ಟು ಇಲ್ಲಿ ಒಂದನ್ನೊಂದು ಪೋಷಿಸುತ್ತವೆ. ಜಾಝ್ ಬೆರಕೆಯ ಎಷ್ಟೋ ಪ್ರಯೋಗಗಳಲ್ಲಿ ಭಾರತೀಯ ವಾದ್ಯ ಅಲಂಕಾರಕ್ಕಷ್ಟೇ ನಿಂತಿದೆ. ಬೆಂಗಳೂರಿನ ಕಲಾವಿದರ ರೆಕಾರ್ಡುಗಳಲ್ಲಿ ಅದೇ ಆಧಾರಸ್ತಂಭ.

ಜರ್ಮನಿಯಲ್ಲಿ ಅಚ್ಚಾದ ಇಂಥ ರೆಕಾರ್ಡುಗಳು ಮಲೆನಾಡಿನ ಊರುಗಳಿಗೆ ಸುಲಭವಾಗಿ ದಕ್ಕುವಂಥವಾಗಿರಲಿಲ್ಲ. ಅಲ್ಲಿನವರ ಕಿವಿಯನ್ನು ಹದಗೊಳಿಸಿದ್ದು ಶೃಂಗೇರಿಯ ನವರಾತ್ರಿ ಕಛೇರಿಗಳು, ಭದ್ರಾವತಿ ಆಕಾಶವಾಣಿ ಮತ್ತು ಯಕ್ಷಗಾನದ ಚೆಂಡೆ-ಮದ್ದಳೆ. 2017ರಲ್ಲಿ ಇಸಿಎಂ ತನ್ನ ರೆಕಾರ್ಡುಗಳನ್ನು ಅಂತರ್ಜಾಲದ ಸಂಗೀತ ಸೇವೆಗಳಿಗೆ ತೆರೆದ ಮೇಲೆ ಸಂಗ್ರಾಹಕರ ಕಪಾಟಿನ ಸಂಗೀತ ಎಲ್ಲರ ಕೈಗೆಟುಕುವಂತಾಯಿತು.

ಮರಿಯಾನೊ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು. ಒಬ್ಬರ ವಾದ್ಯ ಇನ್ನೊಬ್ಬರ ಲೆಕ್ಕಕ್ಕೆ ಸ್ಪಂದಿಸಿದ ಬಗೆಗೆ ಅವರ ರೆಕಾರ್ಡುಗಳು ನೇರ ಸಾಕ್ಷಿ. ಸಂಗ್ರಾಹಕರು ಹೊದಿಕೆಯ ಮೇಲಿನ ಹೆಸರು, ದಿನಾಂಕ, ವಾದ್ಯಗಳ ವಿವರವನ್ನು ಜೋಪಾನ ಮಾಡಿದ್ದರಿಂದ, ಜಾಝ್‌ನ ಚರಿತ್ರೆಯಲ್ಲಿ ಕರ್ನಾಟಕದ ಲಯವಿದ್ವಾಂಸರ ಪಾಲು ಎಷ್ಟೆಂದು ಹೆಸರು ಹಿಡಿದು ಹೇಳಲು ಸಾಧ್ಯವಾಗಿದೆ.