ಮುಖಪುಟ (ಜಾಲತಾಣ)

ಜಾಲತಾಣವೊಂದರ ವಿಳಾಸವನ್ನು ನಮೂದಿಸಿದಾಗ ಮೊದಲು ತೆರೆದುಕೊಳ್ಳುವ ಪುಟವೇ ಮುಖಪುಟ. ತಾಣದ ಉಳಿದ ಪುಟಗಳಿಗೆ ಇದು ಪ್ರವೇಶದ್ವಾರ. ಟಿಮ್ ಬರ್ನರ್ಸ್-ಲೀ ಅವರು 1991ರಲ್ಲಿ ಸರ್ನ್ ಸಂಸ್ಥೆಯಿಂದ ಸಾರ್ವಜನಿಕಗೊಳಿಸಿದ ಮೊದಲ ಜಾಲತಾಣದ ಮುಖಪುಟದಲ್ಲಿ ವಿಶ್ವವ್ಯಾಪಿ ಜಾಲದ ಪರಿಚಯ ಮತ್ತು ಕೊಂಡಿಗಳಷ್ಟೇ ಇದ್ದವು.

ವಿಷಯದ ಆಯ್ಕೆ

ಮುಖಪುಟದಲ್ಲಿ ಸ್ಥಳ ಸೀಮಿತ. ಮೊಬೈಲಿನ ಪರದೆಯಲ್ಲಂತೂ ಮೊದಲ ನೋಟಕ್ಕೆ ಕೆಲವೇ ಸಾಲುಗಳು ಕಾಣಿಸುತ್ತವೆ. ಆದುದರಿಂದ ಸಂಸ್ಥೆಯು ಹೇಳಬಯಸುವುದಕ್ಕಿಂತ ಓದುಗರು ಹುಡುಕಿ ಬರುವ ಮಾಹಿತಿಗೆ ಆದ್ಯತೆ ನೀಡುವುದು ಸೂಕ್ತ. ವಿಷಯಗಳನ್ನು ತುರ್ತು ಸೂಚನೆ, ನಿತ್ಯದ ಸೇವೆ ಹಾಗೂ ಪರಿಚಯ ಎಂದು ಮೂರಾಗಿ ವಿಂಗಡಿಸಬಹುದು.

ಕರಾವಳಿಯ ಉದಾಹರಣೆ

ಈ ಆದ್ಯತೆಯು ಋತುವಿನೊಂದಿಗೆ ಬದಲಾಗುವುದನ್ನು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಮಳೆಗಾಲ ಕಳೆದ ಬಳಿಕ ಮುರ್ಡೇಶ್ವರ, ಗೋಕರ್ಣ ಹಾಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ಕಡಲತೀರಕ್ಕೆ ಬರುವ ಪ್ರವಾಸಿಗರಿಗೆ ದಾರಿ, ವಸತಿಗಳ ವಿವರ ಬೇಕಾಗುತ್ತದೆ. ಜುಲೈ ತಿಂಗಳಿನಲ್ಲಿ ಪರಿಸ್ಥಿತಿ ಬೇರೆ. ಗೇರುಸೊಪ್ಪ ಅಣೆಕಟ್ಟಿನಿಂದ ನೀರು ಬಿಡುವಾಗ ಹೊನ್ನಾವರ ತಾಲೂಕಿನ ಶರಾವತಿ ದಂಡೆಯವರಿಗೂ, ಅಘನಾಶಿನಿಯಲ್ಲಿ ನೆರೆ ಏರಿದಾಗ ಕುಮಟಾ ತಾಲೂಕಿನ ತಗ್ಗು ಪ್ರದೇಶದವರಿಗೂ ಮುನ್ನೆಚ್ಚರಿಕೆ ಅಗತ್ಯ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ, ಮೀನುಗಾರರಿಗೆ ನಿಷೇಧದ ಅವಧಿ ಮತ್ತು ಹವಾಮಾನ ಸೂಚನೆಗಳು ಮುಖ್ಯ. ಅಂತಹ ದಿನಗಳಲ್ಲಿ ಸ್ಥಳೀಯ ಆಡಳಿತದ ಮುಖಪುಟದ ಮೇಲ್ಭಾಗವನ್ನು ಗಣ್ಯರ ಭಾವಚಿತ್ರಗಳು ಅಥವಾ ಪ್ರವಾಸಿ ತಾಣಗಳ ದೃಶ್ಯಗಳು ಆವರಿಸಿದರೆ, ಎಚ್ಚರಿಕೆಯ ಸಾಲು ಕೆಳಗೆ ಸರಿದು ಕಣ್ಣಿಗೆ ಬೀಳದೆ ಹೋಗುವ ಸಂಭವವಿದೆ.

ಭಾಷೆ ಮತ್ತು ಓದುವಿಕೆ

ಈ ತಾಲೂಕುಗಳಲ್ಲಿ ಕನ್ನಡದೊಂದಿಗೆ ಕೊಂಕಣಿಯೂ, ಭಟ್ಕಳದಲ್ಲಿ ನವಾಯತಿ ಹಾಗೂ ಉರ್ದು ಭಾಷೆಗಳೂ ಬಳಕೆಯಲ್ಲಿವೆ. ಸೂಚನೆಗಳನ್ನು ಸರಳ ಕನ್ನಡದಲ್ಲಿ, ಯುನಿಕೋಡ್ ಅಕ್ಷರಗಳಲ್ಲಿ ಪ್ರಕಟಿಸಿದರೆ ಅವುಗಳನ್ನು ಹುಡುಕುವುದೂ ಇತರರಿಗೆ ಕಳುಹಿಸುವುದೂ ಸುಲಭ. ಸ್ಕ್ಯಾನ್ ಮಾಡಿದ ಪ್ರಕಟಣೆಯ ಚಿತ್ರವನ್ನಷ್ಟೇ ಹಾಕಿದಾಗ ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುವ ತಂತ್ರಾಂಶಗಳಿಗೆ ಅದು ಸಾಮಾನ್ಯವಾಗಿ ದಕ್ಕುವುದಿಲ್ಲ. ಪ್ರತಿ ಸೂಚನೆಗೂ ದಿನಾಂಕ ನಮೂದಿಸಿ, ಅವಧಿ ಮುಗಿದವುಗಳನ್ನು ತೆಗೆಯದಿದ್ದರೆ ಹೊಸ ಸೂಚನೆಯ ಮೇಲಿನ ವಿಶ್ವಾಸವೂ ಕುಗ್ಗುತ್ತದೆ.

ಕಾನೂನು ಮತ್ತು ಮಾರ್ಗಸೂಚಿ

ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಪ್ರಕರಣವು ಸಾರ್ವಜನಿಕ ಪ್ರಾಧಿಕಾರಗಳು ನಿರ್ದಿಷ್ಟ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ವಿಧಿಸುತ್ತದೆ. ಪ್ರಸಾರದಲ್ಲಿ ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಅತ್ಯಂತ ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಪರಿಗಣಿಸಬೇಕೆಂದು ಅದೇ ಪ್ರಕರಣ ಹೇಳುತ್ತದೆ. ಭಾರತ ಸರ್ಕಾರದ ಜಾಲತಾಣಗಳಿಗೆ ಸಂಬಂಧಿಸಿದ ಮಾರ್ಗಸೂಚಿಗಳು 2009ರಲ್ಲಿ ಮೊದಲು ಪ್ರಕಟಗೊಂಡವು.