ಸೂರ್ಯನ ನ್ಯೂಟ್ರಿನೊಗಳೂ ಕೋಲಾರದ ಗಣಿಯೂ

ಸೂರ್ಯಗರ್ಭದಲ್ಲಿ ಜಲಜನಕದ ಪರಮಾಣುಬೀಜಗಳು ಕ್ರಮವಾಗಿ ಕೂಡಿ ಹೀಲಿಯಂ ಆಗುವಾಗ ತೇಜಸ್ಸಿನೊಡನೆ ನ್ಯೂಟ್ರಿನೊಗಳೆಂಬ ಸೂಕ್ಷ್ಮಕಣಗಳೂ ಹುಟ್ಟುವುವು. ಭೂಮಿಯ ಒಂದು ಚದರ ಸೆಂಟಿಮೀಟರಿನಷ್ಟು ಎಡೆಯನ್ನು ಸೆಕೆಂಡಿಗೆ ಸುಮಾರು 6,500 ಕೋಟಿ ಕಣಗಳು ಹಾಯ್ದುಹೋಗುವುವು. ತಡೆಗೊಳ್ಳುವುದು ಅತಿ ವಿರಳ. ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ ನ್ಯೂಟ್ರಿನೊಗಳ ಕುರುಹು ದೊರೆತುದು ಪ್ರಸಿದ್ಧವಾಗಿದೆ. ಆ ಕಣಗಳು ಸೂರ್ಯನವೋ ಅಲ್ಲವೋ ಎಂಬುದನ್ನು ಇಲ್ಲಿ ವಿಚಾರಿಸತಕ್ಕುದಾಗಿದೆ.

ಮೊದಲು ಆ ಗಣಿಗೂ ಕಾವೇರೀಸೀಮೆಗೂ ಇರುವ ಸಂಬಂಧವನ್ನು ನೆನೆಯಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ ಹರಿಯಿತು. ಬೇಸಗೆಯಲ್ಲಿ ನದಿ ಬತ್ತಿದಾಗಲೂ ಈ ಶಕ್ತಿ ಕುಂದದಿರಲೆಂಬುದು, ಶ್ರೀರಂಗಪಟ್ಟಣಕ್ಕೆ ಮೇಲ್ಗಡೆ ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಅಣೆಕಟ್ಟಿನ ಉದ್ದೇಶಗಳಲ್ಲೊಂದು. ಕೃಷ್ಣರಾಜಪೇಟೆಯ ಸೀಮೆಯನ್ನು ಹಾಯ್ದುಬರುವ ಹೇಮಾವತಿಯೂ ಅದೇ ಜಲಾಶಯವನ್ನು ಸೇರುವುದು. ಹೀಗೆ ಈ ನಾಡಿನ ನೀರು ಆ ಗಣಿಯ ಆಳಕ್ಕೆ ನೆರವಾಯಿತು.

ಆ ಆಳವೇ ವಿಜ್ಞಾನಿಗಳಿಗೆ ಬೇಕಾದುದು. ಆಕಾಶದಿಂದ ಬೀಳುವ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಯಾನ್‌ಗಳೆಂಬ ಕಣಗಳನ್ನು ಮೇಲಿನ ಬಂಡೆ ತಡೆಯುವುದರಿಂದ, ನ್ಯೂಟ್ರಿನೊಗಳ ಕುರುಹು ಅಲ್ಲಿ ಮರೆಯಾಗದೆ ಉಳಿಯುವುದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಯಂತ್ರಗಳನ್ನಿಟ್ಟರು. ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರೂ, ಎಂ. ಜಿ. ಕೆ. ಮೆನನ್ ಅವರೂ ಇದರಲ್ಲಿ ಪ್ರಮುಖರು.

ಅವರ ಯಂತ್ರ ನೇರವಾಗಿ ಕಂಡುದು ನ್ಯೂಟ್ರಿನೊವನ್ನಲ್ಲ, ಅದು ಬಂಡೆಗೆ ತಗುಲಿದಾಗ ಹುಟ್ಟುವ ಮ್ಯೂಯಾನನ್ನು. ಮ್ಯೂಯಾನ್ ಹುಟ್ಟಲು ನ್ಯೂಟ್ರಿನೊವಿನ ಶಕ್ತಿ ನೂರು ಮಿಲಿಯನ್ ಎಲೆಕ್ಟ್ರಾನ್-ವೋಲ್ಟುಗಳನ್ನು ಮೀರಿರಬೇಕು. ಸೂರ್ಯನ ನ್ಯೂಟ್ರಿನೊಗಳಲ್ಲಿ ಅತಿ ಪ್ರಬಲವಾದುವೂ ಇಪ್ಪತ್ತನ್ನು ಮುಟ್ಟವು. ಆದುದರಿಂದ ಕೋಲಾರದವು ಸೂರ್ಯನವಲ್ಲ; ವಿಶ್ವಕಿರಣಗಳು ಭೂಮಿಯ ವಾಯುಮಂಡಲವನ್ನು ತಾಗಿದಾಗ ಹುಟ್ಟಿದುವೆಂದು ಸಿದ್ಧವಾಗುವುದು.

ಸೂರ್ಯನವನ್ನು ಹಿಡಿದುದು ಮತ್ತೊಂದು ಚಿನ್ನದ ಗಣಿ. ಅಮೆರಿಕದ ಹೋಮ್‌ಸ್ಟೇಕ್‌ನಲ್ಲಿ ರೇಮಂಡ್ ಡೇವಿಸ್ ಕ್ಲೋರೀನ್ ಕೂಡಿದ ದ್ರವವನ್ನು ತುಂಬಿ, ನ್ಯೂಟ್ರಿನೊ ತಗುಲಿದಾಗ ಕ್ಲೋರೀನ್ ಆರ್ಗಾನ್ ಆಗುವುದನ್ನು ಎಣಿಸಿದನು. 1968ರಿಂದ ದೊರೆತ ಎಣಿಕೆ ಗಣಿತದ ನಿರೀಕ್ಷೆಯ ಮೂರರಲ್ಲೊಂದು ಭಾಗದಷ್ಟೇ ಆಯಿತು. ಕಣಗಳು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸುವುವೆಂದು ಕೆನಡಾದ ಸಡ್ಬರಿಯ ಪ್ರಯೋಗ 2001-02ರಲ್ಲಿ ತೋರಿಸಿದ ಮೇಲೆ ಸಂದೇಹ ನೀಗಿತು.

ಇದಕ್ಕೆ ಮೊದಲೇ, 1998ರಲ್ಲಿ, ಜಪಾನಿನಲ್ಲಿ ಇಂತಹ ಬದಲಾವಣೆ ಕಂಡುದು ಕೋಲಾರದಲ್ಲಿ ಮೊದಲು ಕಂಡ ಜಾತಿಯ ವಾಯುಮಂಡಲದ ನ್ಯೂಟ್ರಿನೊಗಳಲ್ಲಿಯೇ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗೆ ಸೂರ್ಯನ ಹೆಸರನ್ನು ಎರವಲು ತರಬೇಕಾಗಿಲ್ಲ. ತನ್ನ ಸ್ವಂತ ಕೀರ್ತಿಯೇ ಅದಕ್ಕೆ ಸಾಕು.